ಕೈಯಿಂದ ಕಲಿತ ಪಾಠ: ನವಲಗುಂದದ ನೂಲು, ವಾರ್ಧಾದ ಯೋಜನೆ ಮತ್ತು ನಮ್ಮ ಮಕ್ಕಳು



ಒಂದು ಸಣ್ಣ ಪರೀಕ್ಷೆಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ತಮ್ಮ ಮನೆಯಲ್ಲಿ ಐದಾರು ವರ್ಷದ ಮಗುವಿದ್ದರೆ ತಾವೂ ಇದನ್ನು ಮಾಡಿ ನೋಡಬಹುದು. ಹಸಿ ಮಣ್ಣಿನ, ಅದು ಸಿಗದಿದ್ದರೆ ಚಪಾತಿ ಹಿಟ್ಟಿನ, ಎರಡು ಸಮನಾದ ಉಂಡೆಗಳನ್ನು ಮಾಡಿರಿ. ಎರಡೂ ಸಮ ಇವೆಯೆಂದು ಮಗುವಿನಿಂದಲೇ ಒಪ್ಪಿಸಿಕೊಳ್ಳಿರಿ. ನಂತರ ಅದರ ಕಣ್ಣೆದುರಿಗೇ ಒಂದು ಉಂಡೆಯನ್ನು ಹೊಸೆದು ಹಾವಿನಂತೆ ಉದ್ದ ಮಾಡಿರಿ. ಈಗ ಕೇಳಿರಿ: ಯಾವುದರಲ್ಲಿ ಮಣ್ಣು ಹೆಚ್ಚಿದೆ?

ನವಲಗುಂದ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಈ ಪ್ರಶ್ನೆ ಕೇಳಿದಾಗ ಒಂದನೇ ಇಯತ್ತೆಯ ಹುಡುಗಿ ಥಟ್ಟನೆ ಉದ್ದನೆಯದನ್ನು ತೋರಿಸಿ, “ಇದು ಉದ್ದ ಐತ್ರಿ ಸರ್, ಇದರಾಗ ಜಾಸ್ತಿ ಮಣ್ಣ ಐತಿ” ಎಂದಳು. ಪಕ್ಕದಲ್ಲಿ ನಿಂತಿದ್ದ ಮೂರನೇ ಇಯತ್ತೆಯ ಹುಡುಗನೊಬ್ಬ ನಕ್ಕ. ಆತ ಗಾದಿ ಮಾಡುವ ನದಾಫರ ಮನೆಯವನು. “ಇಲ್ರಿ ಸರ್, ಎಲ್ಡೂ ಅಷ್ಟ ಅದಾವು. ನಮ್ಮ ಅಜ್ಜಾ ಹತ್ತಿ ಹಿಂಜಿದ್ರ ಮನಿ ತುಂಬ ಆಗತೈತಿ, ತೂಕ ಮಾಡಿದ್ರ ಮೊದಲು ಇದ್ದಷ್ಟ ಇರತೈತಿ” ಎಂದ.

ಓದುಗರೇ, ಆ ಹುಡುಗಿ ದಡ್ಡಿಯಲ್ಲ. ಸ್ವಿಟ್ಜರ್‌ಲ್ಯಾಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ (1896–1980) ಇದೇ ಮಣ್ಣಿನ ಉಂಡೆಯ ಪರೀಕ್ಷೆಯಿಂದ ಜಗತ್ತಿಗೆ ತೋರಿಸಿಕೊಟ್ಟ ಸಂಗತಿ ಇದು. ಸುಮಾರು ಏಳು ವರ್ಷದೊಳಗಿನ ಮಗು ಆಕಾರವನ್ನು ನೋಡುತ್ತದೆ. ಆಕಾರ ಬದಲಾದರೆ ಪ್ರಮಾಣವೂ ಬದಲಾಯಿತೆಂದು ನಂಬುತ್ತದೆ. ಆಕಾರ ಬದಲಾದರೂ ವಸ್ತು ಅಷ್ಟೇ ಇರುತ್ತದೆ ಎಂಬ ತಿಳಿವಳಿಕೆ ಏಳೆಂಟನೆಯ ವರ್ಷದಲ್ಲಿ ಮೂಡುತ್ತದೆ. ತೂಕದ ಬಗ್ಗೆ ಅದೇ ತಿಳಿವಳಿಕೆ ಬರಲು ಇನ್ನೂ ಒಂದೆರಡು ವರ್ಷ ಬೇಕಾಗುತ್ತದೆ. ಈ ತಿಳಿವಳಿಕೆಯನ್ನು ಬಾಯಿಪಾಠ ಮಾಡಿಸಿ ಕೊಡಲಾಗುವುದಿಲ್ಲ. ಮಗು ಸ್ವತಃ ನಾದಿ, ಹೊಸೆದು, ಮುರಿದು, ಮತ್ತೆ ಕೂಡಿಸಿ ಪಡೆಯಬೇಕು.

ಆ ಹುಡುಗನಿಗೆ ಇದನ್ನು ಕಲಿಸಿದ್ದು ಶಾಲೆಯಲ್ಲ, ಅಜ್ಜನ ಬಿಲ್ಲು. ನಮ್ಮ ಭಾಗದಲ್ಲಿ ಇಂಥ ಕಲಿಕೆ ಎಲ್ಲಿತ್ತು, ಶಾಲೆಯಿಂದ ಹೇಗೆ ದೂರವಾಯಿತು, ಅದನ್ನು ಮರಳಿ ತರಲು ಯಾರು ಪ್ರಯತ್ನಿಸಿದರು, ಆ ಪ್ರಯತ್ನ ಏಕೆ ಫಲಿಸಲಿಲ್ಲ ಎಂಬ ಇತಿಹಾಸವನ್ನು ತಮ್ಮ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಓಣಿಯೇ ಶಾಲೆಯಾಗಿದ್ದ ಕಾಲ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆಯದು ಎರೆಭೂಮಿ. ಇಲ್ಲಿ ನೆಲವೇ ಮೊದಲ ಗುರು. ಮಳೆ ಬಿದ್ದರೆ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಕಾಲಿಗೆ ಅಂಟಿ ನಡೆಯಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಅದೇ ನೆಲ ಕುಗ್ಗಿ, ಕೈ ತೂರುವಷ್ಟು ಬಾಯಿ ಬಿಡುತ್ತದೆ. ಈ ಮಣ್ಣಿನ ಸೂಕ್ಷ್ಮ ಪದರುಗಳ ನಡುವೆ ನೀರು ಸೇರಿ ಹೊರಬರುವುದೇ ಇದಕ್ಕೆ ಕಾರಣವೆಂದು ವಿಜ್ಞಾನ ಹೇಳುತ್ತದೆ. ಹೊಲಕ್ಕೆ ಬುತ್ತಿ ಒಯ್ಯುವ ಮಗು ಕಾರಣ ತಿಳಿಯುವ ಮೊದಲೇ ಇದನ್ನು ಕಾಲಿನಿಂದ ಕಲಿತಿರುತ್ತದೆ.

ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಓಣಿಯ ಮಕ್ಕಳು ಮಣ್ಣು ನಾದಿ ಎತ್ತು ಮಾಡುವುದನ್ನು ತಾವು ನೋಡಿದ್ದೀರಿ. ಬೇಗ ಬಿಸಿಲಿಗಿಟ್ಟರೆ ಎತ್ತಿನ ಕಾಲು ಸೀಳುತ್ತದೆ, ನೀರು ಹೆಚ್ಚಾದರೆ ಕೋಡು ಬಾಗುತ್ತದೆ. ಕುಂಬಾರನು ಮಣ್ಣಿಗೆ ಮರಳು, ಬೂದಿ, ಲದ್ದಿ ಬೆರೆಸುವುದು ಈ ಸೀಳನ್ನು ತಪ್ಪಿಸುವುದಕ್ಕೇ. ಬಿಸಿಲಲ್ಲಿ ಒಣಗಿದ ಮಣ್ಣೆತ್ತು ನೀರಿಗೆ ಹಾಕಿದರೆ ಮತ್ತೆ ಮಣ್ಣಾಗುತ್ತದೆ. ಆದರೆ ಆವಿಗೆಯಲ್ಲಿ ಸುಟ್ಟ ಮಡಕೆ ಮತ್ತೆ ಮಣ್ಣಾಗದು, ಏಕೆಂದರೆ 600 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಕಾವಿನಲ್ಲಿ ಮಣ್ಣಿನೊಳಗೆ ಬೆಸೆದುಕೊಂಡಿದ್ದ ನೀರೂ ಹೊರಟು ಹೋಗಿ ವಸ್ತುವೇ ಬೇರೆಯಾಗಿರುತ್ತದೆ. ಹಿಂದಿರುಗುವ ಬದಲಾವಣೆ, ಹಿಂದಿರುಗದ ಬದಲಾವಣೆ ಎಂದು ನಾವು ಮುಂದೆ ಪುಸ್ತಕದಲ್ಲಿ ಓದುವ ಪಾಠ ಇದೇ ಅಲ್ಲವೇ?

ಅಡಿಗೆಮನೆಯೂ ಶಾಲೆಯೇ. ಗೋಧಿ ಹಿಟ್ಟು ತಣ್ಣೀರಿಗೂ ಎಳೆದಂತೆ ಬರುತ್ತದೆ. ಜೋಳದ ಹಿಟ್ಟಿಗೆ ಆ ಜಿಗುಟು ಇಲ್ಲ. ಆದ್ದರಿಂದ ಅಮ್ಮ ಎಸರು ಕಾಯಿಸಿ ಹಾಕಿ ನಾದುತ್ತಾಳೆ. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಉಬ್ಬಿ ಅಂಟು ಬಂದ ಮೇಲೆಯೇ ರೊಟ್ಟಿ ಬಡಿಯಲು ಬರುತ್ತದೆ. ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವವರ ಮನೆಯ ಮಗು ಬೇರೊಂದು ಪಾಠ ಕಲಿಯುತ್ತಿತ್ತು: ತಿರುಗುವ ಕಟ್ಟಿಗೆಗೆ ಬಣ್ಣದ ಅರಗು ಒತ್ತಿದರೆ ತಿಕ್ಕಾಟದ ಕಾವಿಗೇ ಅರಗು ಮೆತ್ತಗಾಗಿ ಹರಡುತ್ತದೆ, ತಣಿದಾಗ ಗಟ್ಟಿಯಾಗಿ ಹೊಳೆಯುತ್ತದೆ.

ಇನ್ನು ಹತ್ತಿ. ‘ನದಾಫ್’ ಎಂಬುದು ಅರಬ್ಬೀ ಮೂಲದ ಶಬ್ದ. ಹತ್ತಿ ಹಿಂಜುವವನು ಎಂದೇ ಅದರ ಅರ್ಥ. ಕನ್ನಡದಲ್ಲಿ ಪಿಂಜಾರ ಎನ್ನುತ್ತೇವೆ. ಬಿಲ್ಲಿನ ನಾರಿಯನ್ನು ಕೊಡತಿಯಿಂದ ಹೊಡೆದಾಗ ಅದರ ಕಂಪನಕ್ಕೆ ಗಂಟುಗಟ್ಟಿದ ಹತ್ತಿ ಎಳೆಎಳೆಯಾಗಿ ಬಿಡಿಸಿಕೊಂಡು ಮೋಡದಂತೆ ಏಳುತ್ತದೆ. ವಸ್ತು ಅದೇ, ತೂಕ ಅಷ್ಟೇ; ನಡುವೆ ಸೇರಿದ್ದು ಗಾಳಿ ಮಾತ್ರ. ಚಳಿಗೆ ಗಾದಿ ಬೆಚ್ಚಗಿರುವುದೂ ಆ ಗಾಳಿಯಿಂದಲೇ.

ಜಮಖಾನೆ ಗಲ್ಲಿಯ ಪಾಠ

ನೂಲು ಎಷ್ಟು ರೂಪ ತಾಳಬಲ್ಲದು ಎಂಬುದಕ್ಕೆ ನವಲಗುಂದದ ಜಮಖಾನೆಗಿಂತ ಉತ್ತಮ ಉದಾಹರಣೆ ನಮ್ಮ ಜಿಲ್ಲೆಯಲ್ಲಿಲ್ಲ. ಬಿಜಾಪುರದ ಆದಿಲ್‌ಶಾಹಿ ಕಾಲದಲ್ಲಿ ಆ ಕಡೆಯಿಂದ ಬಂದ ನೇಕಾರ ಮನೆತನಗಳು ಇಲ್ಲಿ ನೆಲೆಸಿದವೆಂದು ಪರಂಪರೆಯ ಹೇಳಿಕೆ. ಅವರು ನೆಲೆಸಿದ ಓಣಿಗೆ ಜಮಖಾನೆ ಗಲ್ಲಿ ಎಂದೇ ಹೆಸರಾಯಿತು. ಇದನ್ನು ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು ಎಂಬುದು ಇದರ ವಿಶೇಷ. ನೆಟ್ಟಗೆ ನಿಂತ ಮಗ್ಗದ ಮುಂದೆ ಕುಳಿತು, ಹಾಸಿನ ಎಳೆಗಳನ್ನು ಎಣಿಸುತ್ತ, ಬಣ್ಣದ ಹೊಕ್ಕಿನ ನೂಲನ್ನು ಕೈಯಿಂದಲೇ ತೂರಿಸಿ, ಹಣಿಗೆಯಂಥ ಪಂಜದಿಂದ ಬಡಿದು ಗಟ್ಟಿ ಮಾಡುತ್ತಾರೆ. ನವಿಲು, ಪಗಡೆಹಾಸಿನ ಚೌಕ, ಹೂ, ಗೆರೆ ಎಲ್ಲವೂ ಲೆಕ್ಕದಿಂದ ಮೂಡುತ್ತವೆ. ನೆಲಹಾಸಿನಂತೆಯೇ ನಮಾಜಿನ ಜಾನಮಾಜನ್ನೂ ಇಲ್ಲಿ ನೇಯುತ್ತ ಬಂದಿದ್ದಾರೆ. 2011ರಲ್ಲಿ ನವಲಗುಂದದ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಅಕ್ಷರ ಬಾರದ ತಾಯಿಯೊಬ್ಬಳು ನವಿಲಿನ ಎಡ ರೆಕ್ಕೆಗೆ ಹಾಕಿದಷ್ಟೇ ಎಳೆಗಳನ್ನು ಬಲ ರೆಕ್ಕೆಗೂ ಎಣಿಸಿ ಹಾಕುವಾಗ ಮಾಡುತ್ತಿದ್ದುದು ಗಣಿತವೇ. ಅದನ್ನು ಗಣಿತವೆಂದು ಯಾರೂ ಆಕೆಗೆ ಹೇಳಲಿಲ್ಲ, ಅಷ್ಟೇ.

ಆದರೆ ಓದುಗರೇ, ಹಿಂದಿನದೆಲ್ಲ ಚಿನ್ನವೆಂದು ಹೇಳಿ ನಾನು ತಮ್ಮನ್ನು ದಾರಿ ತಪ್ಪಿಸಲಾರೆ. ಈ ಕಲಿಕೆಗೆ ಗೋಡೆಗಳಿದ್ದವು. ಕುಂಬಾರನ ವಿದ್ಯೆ ಕುಂಬಾರನಿಗೆ, ಪಿಂಜಾರನದು ಪಿಂಜಾರನಿಗೆ. ಜಮಖಾನೆಯ ಕಸುಬನ್ನೂ ಮನೆತನದ ಗುಟ್ಟಾಗಿ ಕಾಯ್ದುಕೊಂಡು, ಮದುವೆಯಾಗಿ ಪರಊರಿಗೆ ಹೋಗುವ ಮಗಳಿಗೆ ಕಲಿಸದೆ, ಮನೆಗೆ ಬರುವ ಸೊಸೆಗೆ ಕಲಿಸುತ್ತಿದ್ದರೆಂಬ ಮಾತಿದೆ. ಹೊಟ್ಟೆಪಾಡಿನ ಭಯದಿಂದ ಹುಟ್ಟಿದ ರೂಢಿ ಅದು. ಅದನ್ನು ಹಳಿಯುವುದು ಸುಲಭ. ಆದರೆ ಬಚ್ಚಿಟ್ಟ ವಿದ್ಯೆ ಬೆಳೆಯುವುದಿಲ್ಲ. ಇಂದು ನವಲಗುಂದದಲ್ಲಿ ಮಗ್ಗದ ಮುಂದೆ ಕೂರುವ ಕೈಗಳು ಬಹಳ ಕಡಿಮೆಯಾಗಿವೆ.

ಪುಸ್ತಕ ಬಂತು, ಕೈ ಹೊರಗುಳಿಯಿತು

1854ರ ವುಡ್ ಅವರ ಶಿಕ್ಷಣ ಆದೇಶದ ಮರುವರ್ಷ ಮುಂಬಯಿ ಪ್ರಾಂತದಲ್ಲಿ ಶಿಕ್ಷಣ ಇಲಾಖೆ ಆರಂಭವಾಯಿತು. ಧಾರವಾಡ ಜಿಲ್ಲೆ ಆಗ ಆ ಪ್ರಾಂತಕ್ಕೆ ಸೇರಿತ್ತು. ಮರಾಠಿಯ ಪ್ರಾಬಲ್ಯವಿದ್ದ ಆ ದಿನಗಳಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (1834–1881) ಹಳ್ಳಿಹಳ್ಳಿಗೆ ಕನ್ನಡ ಶಾಲೆ ತಂದ ಉಪಕಾರವನ್ನು ನಾವು ಮರೆಯುವಂತಿಲ್ಲ. 1882ರ ಹಂಟರ್ ಆಯೋಗವು ಮುಸಲ್ಮಾನರ ಶಿಕ್ಷಣಕ್ಕೆ ವಿಶೇಷ ಗಮನ ಕೊಡಬೇಕೆಂದು ಪ್ರತ್ಯೇಕವಾಗಿ ಶಿಫಾರಸು ಮಾಡಿತು. ಶಾಲೆಯ ಬಾಗಿಲು ಮೆಲ್ಲನೆ ತೆರೆಯಿತು. ಆದರೆ ಆ ಬಾಗಿಲ ಒಳಗೆ ಓದು, ಬರಹ, ಲೆಕ್ಕ ಇವಿಷ್ಟೇ ವಿದ್ಯೆ. ಮಣ್ಣು, ನೂಲು, ಕಟ್ಟಿಗೆ ಹೊರಗೇ ಉಳಿದವು.

ಅದೇ ಸಮಯಕ್ಕೆ ಹೊರಗಿದ್ದ ಕಸುಬಿಗೂ ಪೆಟ್ಟು ಬಿತ್ತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ (1861–65) ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತು, ಧಾರವಾಡದ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. ಹತ್ತಿ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಹಡಗಿಗೆ ಸಾಗಿತು. 1880ರ ದಶಕದಲ್ಲಿ ರೈಲು ಬಂತು, ಜಿನ್ನುಗಳು, ಗಿರಣಿಗಳು ಬಂದವು. ನಮ್ಮ ಹೊಲದ ಹತ್ತಿ ಎಲ್ಲೋ ನೂಲಾಗಿ, ಎಲ್ಲೋ ಬಟ್ಟೆಯಾಗಿ ಅಂಗಡಿಗೆ ಮರಳಿತು. ನಡುವಿನ ಬದಲಾವಣೆಗಳೆಲ್ಲ ಮಗುವಿನ ಕಣ್ಣಿಂದ ಮರೆಯಾದವು. ಪಿಂಜಾರನ ಬಿಲ್ಲಿಗೆ ಗಾದಿ, ದಿಂಬು ಮಾತ್ರ ಉಳಿದವು.

ಯುರೋಪಿನಲ್ಲಿ ಇದೇ ಕಾಲಕ್ಕೆ ಬೇರೊಂದು ವಿಚಾರ ಹಬ್ಬುತ್ತಿತ್ತು. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ (1782–1852) ಪುಟ್ಟ ಮಕ್ಕಳಿಗಾಗಿ ತೆರೆದ ಶಾಲೆಗೆ 1840ರಲ್ಲಿ ‘ಕಿಂಡರ್‌ಗಾರ್ಟನ್’ ಅಂದರೆ ‘ಮಕ್ಕಳ ತೋಟ’ ಎಂದು ಹೆಸರಿಟ್ಟ. ಅಲ್ಲಿ ಮಕ್ಕಳಿಗೆ ಚೆಂಡು, ಘನ, ಉರುಳೆ ಕೊಡುತ್ತಿದ್ದರು. ಮಣ್ಣು ನಾದಿಸುತ್ತಿದ್ದರು, ಕಾಗದ ಮಡಿಸುತ್ತಿದ್ದರು, ಬಣ್ಣದ ಕಾಗದದ ಪಟ್ಟಿಗಳನ್ನು ಮೇಲೆ ಕೆಳಗೆ ತೂರಿಸಿ ಚಾಪೆ ಹೆಣೆಸುತ್ತಿದ್ದರು. ನಮ್ಮ ಗಲ್ಲಿಯ ಮಗ್ಗದ ಪಾಠವೇ ಅಲ್ಲಿ ಕಾಗದದ ಮೇಲೆ ನಡೆದಿತ್ತು.

ಡಾ. ಜಾಕಿರ್ ಹುಸೇನರ ಪ್ರಯತ್ನ

ಈ ಎರಡು ಧಾರೆಗಳನ್ನು ಕೂಡಿಸಲು ಯತ್ನಿಸಿದ ಹಿರಿಯರಲ್ಲಿ ಡಾ. ಜಾಕಿರ್ ಹುಸೇನರ ಹೆಸರು ದೊಡ್ಡದು. 1967ರಲ್ಲಿ ಭಾರತದ ರಾಷ್ಟ್ರಪತಿಯಾದರೆಂದು ತಾವೆಲ್ಲ ಓದಿದ್ದೀರಿ. ಅವರು ಮೂಲತಃ ಶಿಕ್ಷಕರು. 1897ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿ, ಬರ್ಲಿನ್ನಿನಲ್ಲಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, 1926ರಲ್ಲಿ ಹಿಂದಿರುಗಿ, ಹಣವಿಲ್ಲದೆ ಮುಚ್ಚುವ ಸ್ಥಿತಿಯಲ್ಲಿದ್ದ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾವನ್ನು ಕೈಗೆತ್ತಿಕೊಂಡು, 1948ರವರೆಗೆ ಅಲ್ಪ ವೇತನದಲ್ಲಿ ನಡೆಸಿದರು. ಕೈಕೆಲಸದ ಮೂಲಕ ಬುದ್ಧಿ ಬೆಳೆಸಬೇಕೆಂಬ ಜರ್ಮನಿಯ ಶಿಕ್ಷಣತಜ್ಞ ಕೆರ್ಶೆನ್‌ಸ್ಟೈನರ್‌ನ ವಿಚಾರ ಅವರ ಮೇಲೆ ಗಾಢ ಪರಿಣಾಮ ಬೀರಿತ್ತು. ಬರ್ಲಿನ್ನಿನಲ್ಲಿ ಪರಿಚಿತರಾಗಿದ್ದ ಯಹೂದಿ ಮಹಿಳೆ ಗೆರ್ಡಾ ಫಿಲಿಪ್ಸ್‌ಬೋರ್ನ್ 1933ರಲ್ಲಿ ಜಾಮಿಯಾ ಸೇರಿ ಚಿಕ್ಕ ಮಕ್ಕಳ ನಡುವೆ ದುಡಿದರು. ಮಕ್ಕಳು ಅವರನ್ನು ‘ಆಪಾಜಾನ್’ ಎಂದು ಕರೆಯುತ್ತಿದ್ದರು. 1943ರಲ್ಲಿ ದಿಲ್ಲಿಯಲ್ಲಿಯೇ ಅವರು ತೀರಿಕೊಂಡರು.

1937ರ ಅಕ್ಟೋಬರ್ 22 ಮತ್ತು 23ರಂದು ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ಪರಿಷತ್ತು ಕರೆದರು. ಏಳರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಉಚಿತವಾಗಿ, ತಾಯ್ನುಡಿಯಲ್ಲಿ, ಒಂದು ಉತ್ಪಾದಕ ಕಸುಬನ್ನು ನಡುವಿಟ್ಟುಕೊಂಡು ಶಿಕ್ಷಣ ಕೊಡಬೇಕೆಂದು ಅಲ್ಲಿ ನಿರ್ಣಯವಾಯಿತು. ಪಠ್ಯಕ್ರಮ ಸಿದ್ಧಪಡಿಸುವ ಸಮಿತಿಗೆ ಜಾಕಿರ್ ಹುಸೇನರು ಅಧ್ಯಕ್ಷರಾದರು. ಅದೇ ಡಿಸೆಂಬರಿನಲ್ಲಿ ವರದಿ ಕೊಟ್ಟರು. 1938ರ ಹರಿಪುರಾ ಅಧಿವೇಶನದಲ್ಲಿ ಕಾಂಗ್ರೆಸ್ ಈ ಯೋಜನೆಯನ್ನು ಒಪ್ಪಿತು. ಇದನ್ನೇ ಮೂಲಶಿಕ್ಷಣ, ನಯೀ ತಾಲೀಮ್ ಎಂದು ಕರೆದರು.

ಇದರ ತಿರುಳು ಬಹು ಸರಳ. ಮಗು ತಕಲಿಯಲ್ಲಿ ನೂಲುತ್ತದೆ. ಎಷ್ಟು ಹತ್ತಿಗೆ ಎಷ್ಟು ನೂಲು ಬಂತು ಎಂಬುದು ಲೆಕ್ಕ. ಈ ಹತ್ತಿ ಯಾವ ಮಣ್ಣಿನಲ್ಲಿ ಬೆಳೆಯಿತು ಎಂಬುದು ಭೂಗೋಲ. ತಿರುವು ಕೊಟ್ಟರೆ ಮೆತ್ತನೆಯ ಎಳೆ ಏಕೆ ಗಟ್ಟಿಯಾಯಿತು ಎಂಬುದು ವಿಜ್ಞಾನ. ನಮ್ಮ ನೂಲುವವರು ಏಕೆ ಬಡವರಾದರು ಎಂಬುದು ಇತಿಹಾಸ. 1945ರಲ್ಲಿ ಏಳು ವರ್ಷದೊಳಗಿನ ಮಕ್ಕಳನ್ನೂ ಪೂರ್ವ ಮೂಲಶಿಕ್ಷಣವೆಂಬ ಹೆಸರಿನಲ್ಲಿ ಯೋಜನೆಗೆ ಸೇರಿಸಲಾಯಿತು. ಮುಂಬಯಿ ಪ್ರಾಂತದ ಪ್ರಧಾನಿಯಾಗಿದ್ದ ಬಿ. ಜಿ. ಖೇರರು ಇದರ ದೊಡ್ಡ ಬೆಂಬಲಿಗರು. 1956ರವರೆಗೂ ಆ ಆಡಳಿತದಲ್ಲಿದ್ದ ನಮ್ಮ ಭಾಗದ ಹಿರಿಯರಲ್ಲಿ ಶಾಲೆಯಲ್ಲಿ ತಕಲಿ ತಿರುಗಿಸಿದ ನೆನಪು ಇದ್ದವರು ಅನೇಕರು.

ಏಕೆ ನೆಲೆಯೂರಲಿಲ್ಲ?

ಈ ಪ್ರಶ್ನೆಗೆ ಉತ್ತರ ಹುಡುಕದೆ ಬರೀ ಹೊಗಳಿದರೆ ಇತಿಹಾಸಕ್ಕೆ ನ್ಯಾಯ ಒದಗಿಸಿದಂತಾಗುವುದಿಲ್ಲ.

ಮೊದಲನೆಯದು ಹಣದ ವಿಚಾರ. ಮಕ್ಕಳು ಮಾಡಿದ ವಸ್ತುಗಳ ಮಾರಾಟದಿಂದ ಶಿಕ್ಷಕರ ಸಂಬಳ ಹೊರಡಬೇಕೆಂದು ಗಾಂಧೀಜಿ ಬಯಸಿದ್ದರು. ಆ ಪರಿಷತ್ತಿನಲ್ಲಿಯೇ ಅರ್ಥಶಾಸ್ತ್ರಜ್ಞ ಕೆ. ಟಿ. ಶಾಹ ಇದನ್ನು ವಿರೋಧಿಸಿದರು. ಜಾಕಿರ್ ಹುಸೇನರೂ ಲಾಭದ ಕಡೆಗೆ ಗಮನ ಹೋದರೆ ಶಿಕ್ಷಕನೇ ಮಕ್ಕಳನ್ನು ದುಡಿಸುವವನಾದಾನು ಎಂದು ಎಚ್ಚರಿಸಿದರು. ಅವರ ಭಯ ಸರಿಯಾಗಿತ್ತು. ಎಷ್ಟು ನೂಲಾಯಿತು ಎಂಬ ಲೆಕ್ಕ ಮುಂದಾದಲ್ಲಿ ಮಗು ಏನು ಕಲಿತಿತು ಎಂಬ ಲೆಕ್ಕ ಹಿಂದೆ ಬೀಳುತ್ತದೆ.

ಎರಡನೆಯದು ನಮ್ಮ ಸಮಾಜದ ಶಂಕೆ. ಮುಸ್ಲಿಂ ಲೀಗ್ ಈ ಯೋಜನೆಯನ್ನು ಕಟುವಾಗಿ ವಿರೋಧಿಸಿತು. ಪಠ್ಯಕ್ರಮದಲ್ಲಿ ಧಾರ್ಮಿಕ ಶಿಕ್ಷಣಕ್ಕೆ ಸ್ಥಾನವಿಲ್ಲವೆಂಬುದು ಒಂದು ಮುಖ್ಯ ಆಕ್ಷೇಪವಾಗಿತ್ತು. ಜಾಮಿಯಾದಂಥ ಸಂಸ್ಥೆಯನ್ನು ಬೆವರು ಸುರಿಸಿ ಬೆಳೆಸಿದವರೇ ಈ ವಾದದ ನಡುವೆ ಸಿಲುಕಿ ನೋವುಂಡರು. ಅಂದಿನ ರಾಜಕೀಯದ ಬಿಸಿಯಲ್ಲಿ ಶಿಕ್ಷಣದ ಗುಣದೋಷವನ್ನು ತಣ್ಣಗೆ ಕುಳಿತು ಅಳೆಯುವುದು ಕಠಿಣವಾಗಿತ್ತು. 1939ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟ ಮೇಲೆ ಯೋಜನೆಯೂ ಬಲಗುಂದಿತು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು, ಮತ್ತು ಅದು ತಂದೆತಾಯಿಗಳ ಮನಸ್ಸಿನ ಮಾತು. ‘ನಾನು ಮಗ್ಗದ ಮುಂದೆ ಕುಳಿತು ಬೆನ್ನು ಮುರಿದುಕೊಂಡಿದ್ದೇನೆ, ನನ್ನ ಮಗಳೂ ಶಾಲೆಗೆ ಹೋಗಿ ನೂಲೇ ಹಿಡಿಯಬೇಕೇ?’ ಎಂದು ಒಬ್ಬ ತಾಯಿ ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ. ಪೇಟೆಯ ಸಾಹುಕಾರರ ಮಕ್ಕಳಿಗೆ ಇಂಗ್ಲಿಷು, ಹಳ್ಳಿಯ ಬಡವರ ಮಕ್ಕಳಿಗೆ ತಕಲಿ ಎಂಬ ಭಾವನೆ ಬಂದ ದಿನವೇ ಮೂಲಶಿಕ್ಷಣ ಸೋತಿತು. ಮುಂದೆ 1964–66ರ ಕೊಠಾರಿ ಆಯೋಗ ‘ಕಾರ್ಯಾನುಭವ’ವೆಂದಿತು, 1977ರ ಈಶ್ವರಭಾಯಿ ಪಟೇಲ್ ಸಮಿತಿ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ವೆಂದಿತು. ಹೆಸರು ಬದಲಾದವು, ವೇಳಾಪಟ್ಟಿಯಲ್ಲಿ ಆ ತಾಸು ಬಹಳ ಕಡೆ ಅಂಗಳ ಗುಡಿಸುವ ತಾಸಾಗಿ ಉಳಿಯಿತು.

ಇಂದು ನಮ್ಮ ಹೊಣೆ

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಸೇರಿ ಆರಂಭಿಸಿದ ‘ನಲಿ-ಕಲಿ’ ಪದ್ಧತಿ 2009ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ವಿಸ್ತರಿಸಿತು. ಮಗು ತನ್ನ ವೇಗದಲ್ಲಿ, ಮಾಡಿ ಕಲಿಯಬೇಕೆಂಬುದನ್ನು ಅದು ಒಪ್ಪಿಕೊಂಡಿತು. 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟ ಮತ್ತು ಕೈಚಟುವಟಿಕೆಯೇ ಕಲಿಕೆಯ ಹಾದಿ ಎಂದಿದೆ. ಅಂದರೆ ಓಣಿಯಿಂದ ಹೊರಟ ಪಾಠ ದೊಡ್ಡ ಸುತ್ತು ಹಾಕಿ ಮತ್ತೆ ನಮ್ಮ ಬಾಗಿಲಿಗೆ ಬಂದಿದೆ. ಅದನ್ನು ಒಳಗೆ ಕರೆಯುವ ಕೆಲಸ ನಮ್ಮದು.

ಇದಕ್ಕೆ ಬೇಕಾದ ಸಾಮಗ್ರಿಗೆ ಖರ್ಚೇನೂ ಇಲ್ಲ. ಮಣ್ಣಿನ ಎರಡು ಉಂಡೆ ಕೊಟ್ಟು ಆಕಾರ ಬದಲಿಸಲು ಬಿಡಿರಿ; ಮತ್ತೆ ಉಂಡೆ ಮಾಡಿ ಹೋಲಿಸಲು ಹೇಳಿರಿ. ಒಂದು ಹಿಡಿ ಹತ್ತಿಯನ್ನು ತಕ್ಕಡಿಯಲ್ಲಿ ತೂಗಿ, ಹಿಂಜಿಸಿ, ಮತ್ತೆ ತೂಗಿಸಿರಿ. ಒಂದೇ ಅಳತೆಯ ನೀರನ್ನು ತಂಬಿಗೆಯಿಂದ ತಾಟಿಗೆ, ತಾಟಿನಿಂದ ಬಾಟಲಿಗೆ ಸುರಿಸಿರಿ. ಬೆಲ್ಲದ ಉಂಡೆ ಕುಟ್ಟಿಸಿ, ಕರಗಿಸಿ, ನೀರನ್ನು ಮತ್ತೆ ಕುದಿಸಿ ಬೆಲ್ಲ ಮರಳಿ ಬರುವುದನ್ನು ದೊಡ್ಡವರೇ ಒಲೆಯ ಮುಂದೆ ನಿಂತು ತೋರಿಸಿರಿ. ರೊಟ್ಟಿ ಮರಳಿ ಹಿಟ್ಟಾಗುವುದೇ ಎಂದು ಕೇಳಿರಿ. ಹಳೆಯ ವಹಿಯ ಹಾಳೆಗಳನ್ನು ಪಟ್ಟಿ ಮಾಡಿ ಜಮಖಾನೆಯ ಚೌಕಗಳನ್ನು ಹೆಣೆಸಿರಿ. ಒಂದೇ ನಿಯಮ ನೆನಪಿಡಿರಿ: ಮಗು ತಪ್ಪು ಹೇಳಿದಾಗ ಕೂಡಲೇ ಉತ್ತರ ಹೇಳಬೇಡಿರಿ. ‘ಹೌದೇ? ಮತ್ತೊಮ್ಮೆ ಮಾಡಿ ನೋಡೋಣ’ ಎನ್ನಿರಿ.

ಇನ್ನೊಂದು ವಿನಂತಿ ಸದಸ್ಯರಲ್ಲಿ. ನಮ್ಮ ಶಾಲೆಗಳಿಗೆ ವರ್ಷದಲ್ಲಿ ಕೆಲವು ದಿನ ಜಮಖಾನೆ ನೇಯುವ ತಾಯಂದಿರನ್ನು, ಗಾದಿ ಮಾಡುವ ನದಾಫರನ್ನು, ಕುಂಬಾರರನ್ನು ಶಿಕ್ಷಕರಾಗಿ ಕರೆಯೋಣ. ಪ್ರದರ್ಶನದ ಗೊಂಬೆಗಳಂತೆ ಬೇಡ. ಕುರ್ಚಿ ಹಾಕಿ, ತಕ್ಕ ಗೌರವಧನ ಕೊಟ್ಟು ಕರೆಯೋಣ. ಎಲ್ಲ ಓಣಿಯ, ಎಲ್ಲ ಮನೆತನದ, ಗಂಡು ಹೆಣ್ಣು ಮಕ್ಕಳೂ ಒಟ್ಟಿಗೆ ಕಲಿಯಲಿ. ಯಾರನ್ನೂ ಆ ಕಸುಬಿಗೆ ಕಟ್ಟಿಹಾಕುವುದಕ್ಕಲ್ಲ ಇದು. ನೂಲಿನ ಎಳೆ ಎಣಿಸಿದ ಮಗು ನಾಳೆ ಎಂಜಿನಿಯರಾಗಲಿ, ವೈದ್ಯೆಯಾಗಲಿ. ತನ್ನ ಅಜ್ಜಿಗೆ ಗೊತ್ತಿದ್ದುದೂ ವಿದ್ಯೆಯೇ ಎಂಬ ಗೌರವ ಅದಕ್ಕೆ ಇರಲಿ. ಎಂಬತ್ತೇಳು ಬಾರಿ ಬರೆದ ಮಗ್ಗಿಗಿಂತ ಆ ಗೌರವ ಹೆಚ್ಚು ದಿನ ಬಾಳುತ್ತದೆ.

ಅಂದು ಮಣ್ಣಿನ ಹಾವನ್ನು ತೋರಿಸಿ ‘ಇದರಾಗ ಜಾಸ್ತಿ’ ಎಂದ ಹುಡುಗಿಗೆ ನಾನು ಉತ್ತರ ಹೇಳಲಿಲ್ಲ. ಉಂಡೆಗಳನ್ನು ಅವಳ ಕೈಗೇ ಕೊಟ್ಟು ಬಂದೆ. ಮರುವರ್ಷ ಹೋದಾಗ ಆಕೆಯೇ ಒಂದನೇ ಇಯತ್ತೆಯ ಹೊಸ ಹುಡುಗನೊಬ್ಬನ ಮುಂದೆ ಎರಡು ಉಂಡೆ ಇಟ್ಟುಕೊಂಡು ಕುಳಿತಿದ್ದಳು. ಆತ ಉದ್ದನೆಯದನ್ನು ತೋರಿಸಿದ. ಆಕೆ ನಗಲಿಲ್ಲ. “ಹೌದs? ತಡಿ, ಮತ್ತ ಉಂಡಿ ಮಾಡಿ ನೋಡು” ಎಂದಳು.

ನಾವೂ ನಮ್ಮ ಮಕ್ಕಳ ಮುಂದೆ ಹಾಗೆಯೇ ಕೂರಲು ಕಲಿಯೋಣ.